ಒತ್ತಿದ್ದಕ್ಕೂ ತಲುಪಿದ್ದಕ್ಕೂ ನಡುವೆ

ನಮ್ಮ ಕಸುಬಿನವರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಹೇಳುವ ಒಂದು ಕತೆಯಿದೆ. ಕಾರ್ಖಾನೆಗೆ ಹೋಗಿ ಒಳ್ಳೆಯ ಪ್ಯಾನೆಲ್ ಕೂರಿಸಿ ಬಂದೆವು, ಅಲ್ಲಿನ ಆಪರೇಟರುಗಳಿಗೆ ಬಟನ್ ಒತ್ತಲು ಬರಲಿಲ್ಲ, ಒಬ್ಬರು ಎರಡೆರಡು ಸಲ ಒತ್ತಿದರು, ಇನ್ನೊಬ್ಬರು ಒತ್ತಲೇ ಇಲ್ಲ, ಕೊನೆಗೆ ಟ್ರೈನಿಂಗ್ ಕೊಟ್ಟ ಮೇಲೆ ಎಲ್ಲ ಸರಿಹೋಯಿತು. ಹೇಳುವವರು ಬದಲಾಗುತ್ತಾರೆ, ಕತೆ ಬದಲಾಗುವುದಿಲ್ಲ. ನಾನು ಇದನ್ನು ನಂಬುವುದಿಲ್ಲ. ಲಿಫ್ಟು, ಮಿಕ್ಸಿ, ಮೊಬೈಲು ಎಂದು ದಿನವಿಡೀ ಏನಾದರೊಂದು ಒತ್ತುತ್ತಲೇ ಇರುವ ಜನ ನಮ್ಮ ಪ್ಯಾನೆಲ್ ಮುಂದೆ ನಿಂತಾಗ ಮಾತ್ರ ಒತ್ತುವುದನ್ನು ಮರೆಯುತ್ತಾರೆ ಎಂದರೆ, ಅನುಮಾನ ಮೊದಲು ಪ್ಯಾನೆಲ್ ಮೇಲೆ ಬರಬೇಕು. ಅದು ಯಾಕೆ ಯಾವಾಗಲೂ ಜನರ ಮೇಲೆ ಬರುತ್ತದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಈಗ ಮೂವತ್ತೆರಡು. ಈ ವಯಸ್ಸಿನಲ್ಲಿ ನಿವೃತ್ತಿಯ ಮಾತಾಡಿದರೆ ನಗುತ್ತಾರೆ, ನಗಲಿ. ರಾಜೀನಾಮೆ ಕೊಟ್ಟವರು ಮರುವಾರ ಇನ್ನೊಂದು ಕಂಪನಿಯಲ್ಲಿ ಅದೇ ಕುರ್ಚಿಯ ಮೇಲೆ ಕೂರುತ್ತಾರೆ. ನಾನು ಕೂರುವುದಿಲ್ಲ, ಆದ್ದರಿಂದ ನನ್ನದು ನಿವೃತ್ತಿಯೇ. ಈಗ ಕುಂದಲಹಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಅವರಲ್ಲಿ ಅನೇಕರು ನಾನು ಬಿಟ್ಟು ಬಂದ ಕೆಲಸಕ್ಕೇ ಹೋಗುವವರು. ಸಂಬಳ, ಬಡ್ತಿ, ಹುದ್ದೆಯ ಹೆಸರು ಇವನ್ನೆಲ್ಲ ಯಾರು ಬೇಕಾದರೂ ಹೇಳಿಯಾರು. ಬಟನ್ ಬಗ್ಗೆ, ಅದರ ಪಕ್ಕದ ಪುಟ್ಟ ಪರದೆಯ ಬಗ್ಗೆ ಹೇಳುವವರು ಕಡಿಮೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದೇ ಪ್ರಶ್ನೆಯನ್ನು ತಲೆಗೆ ತುಂಬಿದ್ದರು: ಎದುರಿನವರು ಏನು ಹೇಳಿದರು ಎಂಬುದು ಆಮೇಲೆ, ಅದು ಅವರಿಗೆ ಗೊತ್ತಾದದ್ದು ಹೇಗೆ ಎಂದು ಮೊದಲು ಕೇಳಿ. ಈ ಪ್ರಶ್ನೆಯಿಂದ ನನಗೆ ಬಹುಮಾನದ ಒಂದಿಷ್ಟು ಕಪ್ಪುಗಳು ಬಂದವು, ಒಂದಿಷ್ಟು ಸ್ನೇಹ ಹೋಯಿತು. ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಕೆಲಸವೂ ಇದರಿಂದಲೇ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಮಾಲೀಕರಾದ ಮೂರ್ತಿ ಸಾರ್ ಕೇಳಿದ ಪ್ರಶ್ನೆಯನ್ನೇ ನಾನು ತಪ್ಪು ಎಂದೆ. ಅವರು ಕನ್ನಡಕ ತೆಗೆದು ನೋಡಿ, "ತಲೆಹರಟೆ ಜಾಸ್ತಿ. ಸೋಮವಾರದಿಂದ ಬಾಮ್ಮ" ಅಂದರು.

ಕಂಪನಿಯ ಕೆಲಸ ಸರಳ. ಅಂಗೈಯಗಲದ ಕಂಪ್ಯೂಟರಿಗೆ ಒಂದು ಬಟನ್, ಒಂದು ಸಣ್ಣ ಪರದೆ ಜೋಡಿಸಿ, ಒಳಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಕಾರ್ಖಾನೆಗಳ ಗೋಡೆಗೆ, ಮಷೀನಿಗೆ ಕೂರಿಸುವುದು. ಪ್ಯಾನೆಲ್ ಎಂದರೆ ಇದೇ. ಒತ್ತಿದರೆ ಎಣಿಸಬೇಕು, ಇಲ್ಲವೆ ಯಾರನ್ನಾದರೂ ಕರೆಯಬೇಕು. ಇಂಟರ್ನೆಟ್ಟಿನಲ್ಲಿ ಇದನ್ನು ಮಕ್ಕಳ ಪ್ರಾಜೆಕ್ಟ್ ಎನ್ನುತ್ತಾರೆ. ನನ್ನ ಮೇಜಿನ ಮೇಲೆ ಅದು ಮಕ್ಕಳ ಪ್ರಾಜೆಕ್ಟೇ ಆಗಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಮೊದಲ ಪೆಟ್ಟು ಬಿತ್ತು. ಬಟನ್ ಒತ್ತಿದಾಗ ಒಳಗಿನ ಎರಡು ಲೋಹದ ತುಂಡುಗಳು ಮುಟ್ಟಿ, ಚಿಮ್ಮಿ, ಮತ್ತೆ ಮುಟ್ಟಿ ಆಮೇಲೆ ನಿಲ್ಲುತ್ತವೆ. ಬೆರಳಿಗೆ ಗೊತ್ತಾಗದ ಈ ನಡುಕವನ್ನು ಕಂಪ್ಯೂಟರ್ ಹಲವು ಸಲ ಒತ್ತಿದ್ದಾಗಿ ತಿಳಿಯುತ್ತದೆ. ಮೊದಲ ಸ್ಪರ್ಶದ ನಂತರ ಕ್ಷಣಕಾಲ ಕಿವಿ ಮುಚ್ಚಿಕೊಂಡಿರು ಎಂದು ಪ್ರೋಗ್ರಾಮಿನಲ್ಲಿ ಬರೆದರೆ ಸಾಕು. ಬರೆದೆ. ಮೇಜಿನ ಮೇಲೆ ನಡೆಯಿತು. ಕಾರ್ಖಾನೆಯಲ್ಲಿ ಮಾತ್ರ ಯಾರೂ ಒತ್ತದಿದ್ದರೂ ತಯಾರಾದ ಪೀಸುಗಳ ಲೆಕ್ಕ ಏರುತ್ತಿತ್ತು. ಅಲ್ಲಿನ ಸೂಪರ್‌ವೈಸರ್ ಬಹಳ ಮರ್ಯಾದೆಯಿಂದ ಹೇಳಿದ: "ಮೇಡಂ, ನಿಮ್ಮ ಪ್ಯಾನೆಲ್ಲನ್ನೇ ಶಿಫ್ಟಿಗೆ ಹಾಕ್ಕೊಂಬಿಡ್ತೀವಿ. ನಮ್ಮ ಹುಡುಗ್ರಿಗಿಂತ ಚೆನ್ನಾಗಿ ಪೀಸ್ ತೆಗೀತಿದೆ."

ನಾನು ಕಿವಿ ಮುಚ್ಚುವ ಅವಧಿಯನ್ನು ಹೆಚ್ಚಿಸಿದೆ. ಸುಳ್ಳು ಲೆಕ್ಕ ಸ್ವಲ್ಪ ಇಳಿಯಿತು, ಜೊತೆಗೆ ಬೇಗ ಬೇಗ ಒತ್ತಿದವರ ನಿಜವಾದ ಲೆಕ್ಕವೂ ಇಳಿಯಿತು. ಮತ್ತೆ ಹೆಚ್ಚಿಸುವುದರಲ್ಲಿದ್ದೆ, ಅಷ್ಟರಲ್ಲಿ ಮೂರ್ತಿ ಸಾರ್ ಬಂದರು. ಪ್ಯಾನೆಲ್ ಕಡೆ ನೋಡಲೇ ಇಲ್ಲ. ಬಟನ್ನಿನ ವೈರು ಗೋಡೆಯ ಮೇಲೆ ಎಲ್ಲೆಲ್ಲಿ ಹೋಗಿದೆಯೋ ಅದರ ಹಿಂದೆಯೇ ನಡೆದರು. ಮೋಟಾರಿನ ಕೇಬಲ್ಲಿಗೆ ನಮ್ಮ ವೈರನ್ನು ಅಂಟಿಸಿ ಕಟ್ಟಿದ್ದರು. ಮೋಟಾರ್ ಶುರುವಾದಾಗಲೆಲ್ಲ ನಮ್ಮ ವೈರಿಗೂ ಒಂದು ಹೊಡೆತ ಸಿಗುತ್ತಿತ್ತು, ಪ್ಯಾನೆಲ್ ಅದನ್ನು ಬೆರಳೆಂದುಕೊಳ್ಳುತ್ತಿತ್ತು. "ವೈರಲ್ಲಿ ಆಗಿರೋ ತಪ್ಪನ್ನ ಪೈಥಾನಲ್ಲಿ ರಿಪೇರಿ ಮಾಡ್ಬಾರ್ದು ಕಣಮ್ಮ" ಎಂದು ವೈರು ಬದಲಾಯಿಸಿ, ದೂರ ಸರಿಸಿ, ನನಗೆ ಟೀ ಕುಡಿಸಿ ಹೋದರು. ಮುಂದೆ ಅವರ ಬಗ್ಗೆ ಬೇರೆ ಥರದ ಮಾತೂ ಬರೆಯಬೇಕಾಗಿದೆ. ಅದಕ್ಕೇ ಇದನ್ನು ಮೊದಲು ಬರೆದೆ. ಅವರಿಗೆ ಕೆಲಸ ಗೊತ್ತಿತ್ತು.

ಎರಡನೆಯ ಪಾಠ ಮಾದನಾಯಕನಹಳ್ಳಿಯ ಒಂದು ಗೋದಾಮಿನದು. ಪೆಟ್ಟಿಗೆ ಕಟ್ಟುವ ಹೆಂಗಸರು ಒಂದೊಂದು ಪೆಟ್ಟಿಗೆಗೆ ಒಂದೊಂದು ಸಲ ಒತ್ತಬೇಕು, ಪರದೆಯ ಮೇಲೆ ದೊಡ್ಡ ಅಂಕಿ ಬದಲಾಗಬೇಕು. ಲೆಕ್ಕ ದಿನವೂ ಕಡಿಮೆ ಬರುತ್ತಿತ್ತು. "ಒತ್ತೋದು ಮರೀತಾರೆ" ಎಂದು ಗೋದಾಮಿನವರು ತೀರ್ಪು ಕೊಟ್ಟಾಗಿತ್ತು. ನಾನು ಹೋಗಿ ನಿಂತು ನೋಡಿದೆ. ಯಾರೂ ಮರೆಯುತ್ತಿರಲಿಲ್ಲ. ನಮ್ಮ ಪ್ರೋಗ್ರಾಂ ಒಂದು ಒತ್ತು ಕೇಳಿಸಿಕೊಂಡು, ಇಡೀ ಪರದೆಯನ್ನು ಅಳಿಸಿ, ಮೇಲಿಂದ ಕೆಳಗಿನವರೆಗೆ ಮತ್ತೆ ಬರೆದು, ಆಮೇಲೆ ಮುಂದಿನ ಒತ್ತಿಗೆ ಕಿವಿ ಕೊಡುತ್ತಿತ್ತು. ಬರೆಯುವಾಗ ಅದು ಕಿವುಡು. ಇಬ್ಬರು ಹೆಂಗಸರು ಒಬ್ಬರ ಹಿಂದೊಬ್ಬರು ಒತ್ತಿದರೆ ಎರಡನೆಯವರು ಒತ್ತಿದ್ದು ಗಾಳಿಗೆ ಹೋಗುತ್ತಿತ್ತು.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ದರ್ಶಿನಿಯ ಉದಾಹರಣೆ ಕೊಟ್ಟು ಹೇಳುತ್ತೇನೆ. ಕೌಂಟರಿನಲ್ಲಿ ಟೋಕನ್ ಕೊಡುವವನೇ ಒಳಗೆ ಹೋಗಿ ದೋಸೆ ಹುಯ್ದು ಬರುತ್ತಾನೆ ಎಂದಿಟ್ಟುಕೊಳ್ಳಿ. ಅವನು ಬರುವಷ್ಟರಲ್ಲಿ ಸಾಲಿನಲ್ಲಿದ್ದ ಅರ್ಧ ಜನ ಪಕ್ಕದ ಹೋಟೆಲಿಗೆ ಹೋಗಿರುತ್ತಾರೆ. ಟೋಕನ್ನಿನವನು ಚೀಟಿ ಒಳಗೆ ತಳ್ಳಿ ಮುಂದಿನವರನ್ನು ನೋಡಬೇಕು. ಚೀಟಿಗಳು ಬಂದ ಕ್ರಮದಲ್ಲೇ ಸಾಲಾಗಿ ಕೂತಿರಬೇಕು. ದೋಸೆಯವನು ತನ್ನ ವೇಗದಲ್ಲಿ ಹುಯ್ಯಬೇಕು. ಪೈಥಾನ್‌ನಲ್ಲಿ ಇದಕ್ಕೆ ಬೇಕಾದ್ದೆಲ್ಲ ಸಿದ್ಧವಾಗಿಯೇ ಸಿಗುತ್ತದೆ. ನಾನು ಬಟನ್ ಕೇಳುವ ಭಾಗವನ್ನೂ ಪರದೆ ಬರೆಯುವ ಭಾಗವನ್ನೂ ಬೇರೆ ಮಾಡಿದೆ, ಬದಲಾದ ಅಂಕಿಯನ್ನಷ್ಟೇ ಬರೆಯುವಂತೆ ಮಾಡಿದೆ. ಲೆಕ್ಕ ಸರಿಹೋಯಿತು. ಅಷ್ಟು ದಿನ ಮರೆಗುಳಿಗಳು ಎನಿಸಿಕೊಂಡ ಹೆಂಗಸರಿಗೆ ಯಾರೂ ಏನೂ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಅಲ್ಲಿನ ಮ್ಯಾನೇಜರ್, "ಈಗ ಸರಿಯಾಯ್ತಲ್ಲ ಮೇಡಂ, ಮತ್ತೇನು?" ಅಂದ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಪೀಣ್ಯದಲ್ಲೇ ನಮ್ಮ ಗಿರಾಕಿಯೊಬ್ಬರ ಕಾರ್ಖಾನೆಯಿತ್ತು. ತಗಡನ್ನು ಪ್ರೆಸ್ ಮಷೀನಿನಲ್ಲಿ ಒತ್ತಿ ಬಿಡಿಭಾಗ ತೆಗೆಯುವ ಕೆಲಸ. ಮಷೀನಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಫಿಟ್ಟರನ್ನು ಕರೆಯಬೇಕು. ಮೊದಲೆಲ್ಲ ಅಲ್ಲಿ ಒಂದು ರೂಢಿಯಿತ್ತು. ಆಪರೇಟರ್ ಸ್ಪ್ಯಾನರ್ ತೆಗೆದು ಮಷೀನಿನ ಕಬ್ಬಿಣದ ಮೈಗೆ ಟಣ್ ಟಣ್ ಬಡಿಯುವುದು, ಶೆಡ್ಡಿನ ಆ ತುದಿಯಲ್ಲಿ ಫಿಟ್ಟರ್ ಅನ್ವರಣ್ಣ ಕೈ ಎತ್ತುವುದು. ಕೈ ಎತ್ತಿದನೆಂದರೆ ಕೇಳಿಸಿತು, ಬರುತ್ತಾನೆ ಎಂದರ್ಥ. ಹೊರದೇಶದ ಗಿರಾಕಿಗಳು ಬಂದಾಗ ಈ ಬಡಿತ ಚೆನ್ನಾಗಿ ಕಾಣುವುದಿಲ್ಲವೆಂದು ನಮ್ಮಿಂದ ಕರೆಯ ಪ್ಯಾನೆಲ್ ತರಿಸಿದರು. ಸ್ಪ್ಯಾನರ್ ಬಡಿಯುವುದು ನಿಷಿದ್ಧವಾಯಿತು.

ಪ್ಯಾನೆಲ್ಲಿನ ಕೆಲಸ ಇಷ್ಟು: ಬಟನ್ ಒತ್ತಿದರೆ ವೈಫೈ ಮೂಲಕ ಕಾರ್ಖಾನೆಯ ಸರ್ವರಿಗೆ ಸಂದೇಶ ಹೋಗಿ, ಫಿಟ್ಟರುಗಳ ಮೂಲೆಯಲ್ಲಿ ಬಜರ್ ಹೊಡೆದು, ಬೋರ್ಡಿನ ಮೇಲೆ ಮಷೀನಿನ ಸಂಖ್ಯೆ ಬೆಳಗಬೇಕು. ನಾನು ಮೊದಲು ಬರೆದ ಪ್ರೋಗ್ರಾಮಿನಲ್ಲಿ, ಸಂದೇಶ ತಲುಪಿತೆಂದು ಆ ಕಡೆಯಿಂದ ಉತ್ತರ ಬರುವವರೆಗೆ ಪರದೆ ಸುಮ್ಮನಿರುತ್ತಿತ್ತು. ಅದನ್ನು ಬಳಸಿ ನೋಡಿದವರಲ್ಲಿ ರೇಣುಕವ್ವ ಒಬ್ಬಳು. ಗದಗದ ಕಡೆಯವಳು. ಪ್ಯಾಕಿಂಗಿನಲ್ಲಿ ವರ್ಷಗಟ್ಟಲೆ ದುಡಿದು ಪ್ರೆಸ್ ಮಷೀನಿಗೆ ಬಂದವಳು, ಆ ಶೆಡ್ಡಿನಲ್ಲಿ ಪ್ರೆಸ್ ನಡೆಸುತ್ತಿದ್ದ ಒಬ್ಬಳೇ ಹೆಂಗಸು. ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಒತ್ತಿದ ಮ್ಯಾಲ ಏನರ ಅನಬೇಕಲ್ರಿ ಅದು. ಸಿಟ್ಟ ಬಂದ ಗಂಡನಂಗ ಸುಮ್ಮನ ಕುಂತ್ರ ಹ್ಯಾಂಗ್ರಿ?"

ಸರಿಯಾದ ಮಾತು. ಎರಡು ವಾಕ್ಯ ಬರೆದೆ. ಒತ್ತಿದ ಕೂಡಲೇ ‘ಒತ್ತಿದ್ದು ಗೊತ್ತಾಯಿತು’. ಆ ಕಡೆಯಿಂದ ಉತ್ತರ ಬಂದ ಮೇಲೆ ‘ಕರೆ ಹೋಗಿದೆ’. ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್ ದಿವಾಕರ್ ಮುಂದೆ ಡೆಮೊ ಕೊಟ್ಟಾಗ ಎರಡು ವಾಕ್ಯಗಳ ನಡುವೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅವರು ಹುಬ್ಬೇರಿಸಿ, "ಇಷ್ಟು ಸ್ಲೋನಾ?" ಎಂದರು. ಅಷ್ಟೇ. ಅಂದೇ ಮಧ್ಯಾಹ್ನ ಮೂರ್ತಿ ಸಾರ್ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಮೊದಲ ವಾಕ್ಯವನ್ನು ಅಳಿಸಿದರು. ಒತ್ತಿದ ತಕ್ಷಣವೇ ‘ಕರೆ ಹೋಗಿದೆ’ ಎಂದು ಬರುವಂತೆ ಮಾಡಿದರು.

"ಹೋಗೋಕೆ ಮುಂಚೆನೇ ಹೋಗಿದೆ ಅಂದ್ರೆ ಸುಳ್ಳಲ್ವಾ ಸಾರ್?"

"ಹೋಗೇ ಹೋಗುತ್ತೆ ಕಣಮ್ಮ."

"ಹೋಗದಿದ್ರೆ?"

"ಶುರು ಮಾಡಿದ್ಯಾ? ನೀನು ಡಿಬೇಟಲ್ಲಿ ಗೆದ್ಕೋ, ನಾನು ಆರ್ಡರ್ ಗೆಲ್ತೀನಿ."

ಇನ್ನೊಂದು ಬದಲಾವಣೆಯನ್ನೂ ಮಾಡಿದರು. ಸಂದೇಶ ಹೋಗದಿದ್ದರೆ ಪೈಥಾನ್ ತಕರಾರು ಮಾಡುತ್ತದೆ, ಅದನ್ನು ನೋಡಿಕೊಳ್ಳದಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಂತುಬಿಡುತ್ತದೆ. ಪ್ಯಾನೆಲ್ ನಿಂತರೆ ಗಿರಾಕಿ ಫೋನ್ ಮಾಡುತ್ತಾನೆ. ಆದ್ದರಿಂದ, ತಕರಾರು ಬಂದರೆ ಏನೂ ಮಾಡದೆ ಮುಂದೆ ಹೋಗು ಎಂದು ಎರಡು ಪದ ಸೇರಿಸಿದರು. ಆ ಎರಡು ಪದಗಳನ್ನು ಪ್ರೋಗ್ರಾಂ ಬರೆಯುವ ನೀವೆಲ್ಲ ಬರೆದಿರುತ್ತೀರಿ. ಎಲ್ಲರೂ ಬರೆಯುತ್ತಾರೆ. ಪ್ಯಾನೆಲ್ ಮತ್ತೆಂದೂ ನಿಲ್ಲಲಿಲ್ಲ, ದಿವಾಕರ್‌ಗೆ ವೇಗ ಹಿಡಿಸಿತು, ಬೇರೆ ಕಾರ್ಖಾನೆಗಳಿಂದಲೂ ಆರ್ಡರ್ ಬಂತು.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ ರೇಣುಕವ್ವ ನಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಪ್ಯಾನೆಲ್ ಮೇಲಿದ್ದ ಕಂಪನಿಯ ಹೆಸರು ನೆನಪಿಟ್ಟುಕೊಂಡು ಕೇಳಿಕೊಂಡು ಬಂದಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ಕೆಲಸದಿಂದ ತಗದಾರ್ರಿ. ಕರೀಲಿಲ್ಲ ಅಂತ. ನಾ ಕರದೀನ್ರಿ ಮೇಡಮ್ಮಾರ."

ನಡೆದದ್ದು ಇದು. ಅವಳ ಮಷೀನಿನ ಸದ್ದು ಬದಲಾಯಿತು, ಪೀಸಿನ ಅಂಚು ಒರಟಾಗಿ ಬರತೊಡಗಿತು. ಅವಳು ಬಟನ್ ಒತ್ತಿದಳು. ಪರದೆಯ ಮೇಲೆ ‘ಕರೆ ಹೋಗಿದೆ’ ಎಂದು ಬಂತು. ಆ ಕಾರ್ಖಾನೆಯ ನಿಯಮದಂತೆ ಆಪರೇಟರ್ ತಾನಾಗಿ ಮಷೀನ್ ನಿಲ್ಲಿಸುವಂತಿಲ್ಲ. ಕರೆ ಕೊಟ್ಟು ಕೆಲಸ ಮುಂದುವರಿಸಬೇಕು, ನಿಲ್ಲಿಸುವುದು ಬಿಡುವುದು ಫಿಟ್ಟರ್ ತೀರ್ಮಾನ. ಫಿಟ್ಟರ್ ಬರಲಿಲ್ಲ. ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಸೀಳಿತು, ಅದರ ಜೊತೆಗೆ ಒಂದು ದೊಡ್ಡ ಆರ್ಡರ್ ನಿಂತಿತು. ಸರ್ವರಿನ ದಾಖಲೆಯನ್ನು, ಅಂದರೆ ಲಾಗನ್ನು, ತೆಗೆದು ನೋಡಿದರೆ ಆ ಹೊತ್ತಿನಲ್ಲಿ ಅವಳ ಮಷೀನಿನಿಂದ ಕರೆಯೇ ಇಲ್ಲ. ಒತ್ತದೆ ಒತ್ತಿದೆ ಎನ್ನುತ್ತಿದ್ದಾಳೆ ಎಂದಾಯಿತು. ಇನ್ನು ಕಳಿಸಬೇಡ ಎಂದು ಅವಳನ್ನು ಕೆಲಸಕ್ಕೆ ಕಳಿಸುತ್ತಿದ್ದ ಕಾಂಟ್ರಾಕ್ಟರನಿಗೆ ಹೇಳಿದರು. ಪೀಣ್ಯದಲ್ಲಿ ಕಾಂಟ್ರಾಕ್ಟರುಗಳು ಒಬ್ಬರನ್ನೊಬ್ಬರು ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾರೆ. ಸುಳ್ಳು ಹೇಳಿ ಡೈ ಒಡೆದವಳು ಎಂದು ಒಮ್ಮೆ ಹೆಸರು ಬಂದರೆ ಪ್ರೆಸ್ ಮಷೀನ್ ಹೋಗಲಿ, ಗೇಟಿನೊಳಗೂ ಯಾರೂ ಬಿಡುವುದಿಲ್ಲ.

"ಹೋಗೈತಿ ಅಂತ ಅದ ಬರದು ತೋರಿಸ್ತಲ್ರಿ. ಅದನ್ನ ಓದಿ ನಾ ಕೆಲಸ ಮಾಡ್ಕೋಂತ ದಾರಿ ನೋಡಿದೆ. ಮತ್ತ ಈಗ ಹೋಗಿಲ್ಲ ಅಂತೀರಿ. ನಿಮ್ಮ ಡಬ್ಬಿ ಯಾವಾಗ ಖರೆ ಹೇಳತೈತಿ, ಯಾವಾಗ ಸುಳ್ಳ ಹೇಳತೈತಿ ಅಂತ ನಾ ಹ್ಯಾಂಗ ತಿಳೀಲಿ?"

ಮೂರ್ತಿ ಸಾರ್ ಮೇಜಿನ ಮೇಲಿದ್ದ ಮೊಬೈಲನ್ನು ಬೋರಲು ಹಾಕಿದರು, ಮತ್ತೆ ಅಂಗಾತ ಹಾಕಿದರು. "ನೆಟ್‌ವರ್ಕ್ ಅವರದ್ದು. ನಾವು ಮಧ್ಯೆ ಹೋಗೋದು ಬೇಡ" ಅಂದರು. ನಾನು ಹೋದೆ. ಸಭೆ ಕರೆಯಿರಿ, ಆದರೆ ಎಸಿ ಕೋಣೆಯಲ್ಲಿ ಬೇಡ, ಆ ಮಷೀನಿನ ಮುಂದೆಯೇ ಆಗಲಿ, ರೇಣುಕವ್ವನೂ ಇರಲಿ ಎಂದು ದಿವಾಕರ್‌ರನ್ನು ಕೇಳಿದೆ. ಅವರು ವಾದದಲ್ಲಿ ಸೋಲುವವರಲ್ಲ, ಆದ್ದರಿಂದ ಒಪ್ಪಿದರು. ಗಿರಾಕಿ ಒಪ್ಪಿದ ಮೇಲೆ ಮೂರ್ತಿ ಸಾರ್ ಕೂಡ ಬರಲೇಬೇಕಾಯಿತು.

"ನೋಡಿ ಮೇಡಂ, ಲಾಗಲ್ಲಿ ಇಲ್ಲ. ಇಲ್ಲ ಅಂದ್ರೆ ಒತ್ತಿಲ್ಲ" ಎಂದರು ದಿವಾಕರ್.

"ಲಾಗಲ್ಲಿ ಇಲ್ಲ ಅಂದ್ರೆ ಸರ್ವರಿಗೆ ಬಂದಿಲ್ಲ ಅಂತ ಅಷ್ಟೇ ಸಾರ್. ಒತ್ತಿದ್ದಕ್ಕೂ ಬಂದಿದ್ದಕ್ಕೂ ಮಧ್ಯೆ ಇಷ್ಟು ಉದ್ದ ಶೆಡ್ ಇದೆ."

"ದಿನಾ ಬರುತ್ತಲ್ಲ? ಅವತ್ತೊಂದಿನ ಯಾಕೆ ಬರ್ಲಿಲ್ಲ?"

ಅದು ಒಳ್ಳೆಯ ಪ್ರಶ್ನೆ. ಅಂದು ಶೆಡ್ಡಿನಲ್ಲಿ ಬೇರೆ ಏನಿತ್ತು ಎಂದು ಅನ್ವರಣ್ಣನನ್ನು ಕೇಳಿದೆ. ಲೋಡ್ ಹೋಗುವುದು ತಡವಾಗಿ, ಮಾಲಿನ ಜಾಲರಿ ತೊಟ್ಟಿಗಳನ್ನು ಪ್ಯಾನೆಲ್ಲಿನ ಎದುರೇ ಒಂದರ ಮೇಲೊಂದು ಪೇರಿಸಿದ್ದರಂತೆ. ಕಬ್ಬಿಣ ಅಡ್ಡ ಬಂದರೆ ವೈಫೈ ದಾಟದಿರಬಹುದು. ಹಾಗೇ ಪೇರಿಸಿ ಎಂದೆ. ಫೋರ್ಕ್‌ಲಿಫ್ಟಿನವನು ಗೊಣಗುತ್ತ ಪೇರಿಸಿದ, ಅನ್ವರಣ್ಣ ತನ್ನ ಮೂಲೆಗೆ ಹೋಗಿ ನಿಂತ. ರೇಣುಕವ್ವ ಕೈಯನ್ನು ಸೀರೆಯ ಮೇಲೆ ಹಾಕಿಕೊಂಡಿದ್ದ ಶರ್ಟಿಗೆ ಒರೆಸಿಕೊಂಡು ಬಟನ್ ಒತ್ತಿದಳು. ‘ಕರೆ ಹೋಗಿದೆ’ ಎಂದು ಬಂತು. ಆ ತುದಿಯಲ್ಲಿ ಬಜರ್ ಕೂಡ ಜೋರಾಗಿ ಹೊಡೆಯಿತು.

ದಿವಾಕರ್ ವಾಚ್ ನೋಡಿಕೊಂಡರು. ರೇಣುಕವ್ವ ನನ್ನ ಮುಖ ನೋಡಿದಳು. ಅಂಥ ನೋಟ ನನಗೆ ಚರ್ಚಾಸ್ಪರ್ಧೆಯ ಯಾವ ವೇದಿಕೆಯ ಮೇಲೂ ಎದುರಾಗಿರಲಿಲ್ಲ. ಅಲ್ಲಿ ಸೋತರೆ ನಮಗೆ ವಾಪಸ್ ಬರುವ ಬಸ್ಸಿನಲ್ಲಿ ಬೇಜಾರು, ಅಷ್ಟೇ. ಇಲ್ಲಿ ಸೋಲುವವಳು ಬೇರೆ.

ನಾನು ತೊಟ್ಟಿಗಳ ಹತ್ತಿರ ಹೋಗಿ ನೋಡಿದೆ. ಜಾಲರಿಯ ಈ ಕಡೆಯಿಂದ ಆ ಕಡೆ ಕಾಣುತ್ತಿತ್ತು. "ಅಣ್ಣ, ಅವತ್ತೂ ಖಾಲಿ ತೊಟ್ಟಿನೇನಾ ಪೇರಿಸಿದ್ದು?"

"ಖಾಲಿ ಯಾಕೆ ಪೇರಿಸ್ತೀನಿ ಮೇಡಂ? ಲೋಡ್ ಅಂದ್ನಲ್ಲ. ಫುಲ್ ಇತ್ತು" ಅಂದ ಫೋರ್ಕ್‌ಲಿಫ್ಟಿನವನು.

ತುಂಬಿದ ತೊಟ್ಟಿಗಳು ಬಂದವು. ಕಬ್ಬಿಣದ ಗೋಡೆಯೇ ಎದ್ದಿತು. ರೇಣುಕವ್ವ ಮತ್ತೆ ಒತ್ತಿದಳು. ‘ಕರೆ ಹೋಗಿದೆ’. ಎಲ್ಲರೂ ತೊಟ್ಟಿಗಳ ಪಕ್ಕದಿಂದ ಆ ತುದಿಯತ್ತ ಬಗ್ಗಿ ನೋಡಿದೆವು. ಬಜರ್ ಇಲ್ಲ, ಬೋರ್ಡು ಕತ್ತಲು. ಅನ್ವರಣ್ಣ ಎರಡೂ ಕೈ ಬೀಸಿ ಇಲ್ಲ ಎಂದ. ಇನ್ನೊಮ್ಮೆ ಒತ್ತಿಸಿದೆ. ‘ಕರೆ ಹೋಗಿದೆ’. ಅನ್ವರಣ್ಣ ಮತ್ತೆ ಕೈ ಬೀಸಿದ. ದಿವಾಕರ್ ಮುಂದೆ ಬಂದು ತಾವೇ ಒತ್ತಿದರು. ಅವರಿಗೂ ಪರದೆ ಅದನ್ನೇ ಹೇಳಿತು. ಅವರು ಅದನ್ನು ಗಟ್ಟಿಯಾಗಿ ಓದಿದರು, ಆಮೇಲೆ ಆ ತುದಿಯ ಕತ್ತಲು ಬೋರ್ಡನ್ನು ನೋಡಿದರು.

"ನೆಟ್‌ವರ್ಕ್ ನಿಮ್ಮದು ದಿವಾಕರ್" ಎಂದರು ಮೂರ್ತಿ ಸಾರ್.

"ನೆಟ್‌ವರ್ಕ್ ನಮ್ಮದು ಸಾರ್. ಈ ಮಾತು ಯಾರದು?" ಎಂದು ದಿವಾಕರ್ ಪರದೆಗೆ ಬೆರಳಿಟ್ಟರು.

ಅಲ್ಲಿಂದಲೇ ಕಾಂಟ್ರಾಕ್ಟರನಿಗೆ ಫೋನ್ ಹೋಯಿತು. ತಪ್ಪಾಯಿತು ಎಂದು ದಿವಾಕರ್ ಯಾರಿಗೂ ಹೇಳಲಿಲ್ಲ. "ನಾಳೆಯಿಂದ ನಿನ್ನ ಮಷೀನಿಗೇ ಬಾ" ಎಂದರು. ಅವಳು, "ಇವತ್ತ ಬಂದೀನಲ್ರಿ" ಎಂದು ಗ್ಲೌಸ್ ಹಾಕಿಕೊಂಡಳು.

ಆ ವಾರ ಆ ಕಾರ್ಖಾನೆಯ ಪ್ಯಾನೆಲ್‌ಗಳನ್ನೆಲ್ಲ ಹೊಸದಾಗಿ ಬರೆದೆ. ಈ ಸಲ ಯಾರೂ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರಲಿಲ್ಲ. ಒತ್ತಿದ ತಕ್ಷಣ ‘ಕರೆ ಹೋಗುತ್ತಿದೆ’. ಬೋರ್ಡಿನಿಂದ ಉತ್ತರ ಬಂದ ಮೇಲೆ ‘ಬೋರ್ಡಿಗೆ ತಲುಪಿದೆ’. ಫಿಟ್ಟರುಗಳ ಮೂಲೆಯಲ್ಲೂ ಒಂದು ಬಟನ್ ಇಟ್ಟೆ. ಅನ್ವರಣ್ಣ ಅದನ್ನು ಒತ್ತಿದರೆ ಇಲ್ಲಿ ‘ಫಿಟ್ಟರ್ ನೋಡಿದ್ದಾರೆ’. ಉತ್ತರ ಬಾರದಿದ್ದರೆ ಪರದೆ ಕೆಂಪಾಗಿ ‘ಕರೆ ಹೋಗಿಲ್ಲ, ಕೂಗಿ ಕರೆಯಿರಿ’ ಎನ್ನಬೇಕು, ಜೊತೆಗೆ ಸಂದೇಶ ಕಳಿಸುವ ಪ್ರಯತ್ನವನ್ನೂ ಬಿಡಬಾರದು. ಈ ಕೆಲಸಕ್ಕೆ ಸೇರುವವರಿಗೆ ಇದರಲ್ಲಿ ಕಲಿಯುವುದೇನಾದರೂ ಇದ್ದರೆ ಇಷ್ಟು: ಪರದೆಯ ಮೇಲೆ ಒಂದು ವಾಕ್ಯ ಬರೆಯುವ ಮುನ್ನ, ಆ ಕ್ಷಣದಲ್ಲಿ ಅದು ನಿಜವೆಂದು ನಿಮ್ಮ ಪ್ರೋಗ್ರಾಮಿಗೆ ಗೊತ್ತಾದದ್ದು ಹೇಗೆ ಎಂದು ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ಬೇರೆ ವಾಕ್ಯ ಹುಡುಕಿ. ವೇಗದ ಚಿಂತೆ ಆಮೇಲೆ ಮಾಡಿ. ಜನಕ್ಕೆ ಬೇಕಾಗಿರುವುದು ಕೂಡಲೇ ಒಂದು ಮಾತು, ಆ ಮಾತು ‘ಹೋಗುತ್ತಿದೆ’ ಎಂದಿದ್ದರೂ ಅವರು ಕಾಯುತ್ತಾರೆ. ರೇಣುಕವ್ವ ಹೊಸ ಪರದೆಯನ್ನು ನೋಡಿ, "ಈಗ ಭಾಳ ಮಾತಾಡತೈತ್ರಿ, ನಿಮ್ಮಂಗ" ಅಂದಳು.

ಉಳಿದ ಕಾರ್ಖಾನೆಗಳಲ್ಲಿ ಹಳೆಯ ಪ್ರೋಗ್ರಾಮೇ ಇತ್ತು. ಅವನ್ನೂ ಬದಲಾಯಿಸೋಣ, ಆಫೀಸಿನಲ್ಲಿ ಕೂತೇ ಕಳಿಸಬಹುದು ಎಂದು ಮೂರ್ತಿ ಸಾರ್ ಹತ್ತಿರ ಹೋದೆ. ಅವರು ಬೇಡವೆಂದರು. ಕಾರಣವನ್ನೂ ಮುಚ್ಚಿಡಲಿಲ್ಲ. ಈಗ ಬದಲಾಯಿಸಿದರೆ ಇಷ್ಟು ದಿನ ತಪ್ಪಿತ್ತು ಎಂದು ನಾವೇ ಬರೆದುಕೊಟ್ಟ ಹಾಗೆ, ಆರ್ಡರ್ ಕೊಟ್ಟವರೆಲ್ಲ ಲೆಕ್ಕ ಕೇಳುತ್ತಾರೆ. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ. ಕೆಲಸ ಬಿಡುತ್ತೇನೆಂದು ಹೇಳಲು ಹೋದ ದಿನ ಇನ್ನೊಮ್ಮೆ ಕೇಳಿದೆ. ಅವರು ಬೇಸರದಿಂದಲೇ, ಕೋಪವಿಲ್ಲದೆ ಹೇಳಿದರು:

"ಕಂಪ್ಲೇಂಟ್ ಬಂದ ಕಡೆ ಬದಲಾಯಿಸೋಣ ಕಣಮ್ಮ, ನಾನೇನ್ ಬೇಡ ಅಂದ್ನಾ? ಬೇರೆ ಯಾವ ಪ್ಲಾಂಟಿಂದಲೂ ಇವತ್ತಿನವರೆಗೆ ಒಂದು ಕಂಪ್ಲೇಂಟ್ ಬಂದಿಲ್ಲ."

ನಾನು ಬಾಗಿಲಲ್ಲೇ ನಿಂತು ಒಂದು ಪ್ರಶ್ನೆ ಕೇಳಿದೆ. ಅವರು ಮೊಬೈಲನ್ನು ಮತ್ತೆ ಬೋರಲು ಹಾಕಿದರು. ಇದನ್ನು ಅವರು ಓದುತ್ತಾರೆಂದು ನನಗೆ ಗೊತ್ತು, ಆದ್ದರಿಂದ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಸಾರ್, ಮಷೀನ್ ಮುಂದೆ ನಿಂತಿರೋರಿಗೆ ಕರೆ ಹೋಗಿದೆ ಅಂತ ನಾವೇ ಹೇಳ್ತಾ ಇರುವಾಗ, ಹೋಗಿಲ್ಲ ಅಂತ ನಮಗೆ ಕಂಪ್ಲೇಂಟ್ ಕೊಡೋರು ಯಾರು?